ನಡುಗುವ ಕೈ ಕಂಡರೆ

ಸಾಕ್ಷಿ ಹೇಳುವ ಮಕ್ಕಳಿಗೆ ಧೈರ್ಯ ಕೊಡಲು ಪಳಗಿಸಿದ ನಾಯಿ ಹೇಝಲ್ ಸಾಕ್ಷಿಕಟ್ಟೆಯೊಳಗೆ ಮಲಗಿದಾಗ ಅದರ ಬಾಲದ ತುದಿಯೂ ಜ್ಯೂರಿಯವರಿಗೆ ಕಾಣಬಾರದೆಂದು ಜಡ್ಜ್ ಹೇಳಿದ್ದರು. ಅದಕ್ಕೇ ನಾಯಿಯನ್ನು ನೋಡಿಕೊಳ್ಳುವ ಗ್ಲೆಂಡಾ ಎಲ್ಲರಿಗಿಂತ ಮೊದಲೇ ಅದನ್ನೂ ಸಾಕ್ಷಿ ಹೇಳಬೇಕಿದ್ದ ನೆಟ್ಟಿಯನ್ನೂ ಕೌಂಟಿ ಕೋರ್ಟಿಗೆ ಕರೆತಂದು, ಬಾಗಿಲು ತೆರೆಯುವುದನ್ನೇ ಕಾಯುತ್ತಾ ಹೊರಗಿನ ಬೆಂಚಿನ ಮೇಲೆ ಕೂತಿದ್ದಳು.

"ಇವಳಿಗೆ ಸಂಬಳ ಇಲ್ಲ, ರಜೆ ಇಲ್ಲ. ಆದ್ರೂ ಮುಖ ನೋಡು, ನನಗಿಂತ ಖುಷಿಯಾಗಿದ್ದಾಳೆ," ಎಂದಳು ಗ್ಲೆಂಡಾ.

ನೆಟ್ಟಿ ನಗಲಿಲ್ಲ. ಹದಿನೈದರ ಹುಡುಗಿ, ಬೆರಳುಗಳು ನಾಯಿಯ ಕಿವಿಯಲ್ಲಿದ್ದವು. ಗ್ಯಾರೇಜಿನ ಮೇಲಿನ ಕೋಣೆಯಲ್ಲಿ ಅಮ್ಮನ ತಮ್ಮ ಡ್ವೈಟ್ ತನಗೆ ಮಾಡಿದ್ದನ್ನು ಅವಳು ಬಾಯಿಬಿಟ್ಟದ್ದು ಈ ಕಿವಿ ಹಿಡಿದುಕೊಂಡೇ. ವಕೀಲರ ಮುಖ ನೋಡದೆ, ನಾಯಿಗೆ ಹೇಳುವಂತೆ ಹೇಳಿದ್ದಳು. ಇವತ್ತು ಜ್ಯೂರಿಯ ಎದುರು ಅದನ್ನೇ ಹೇಳಬೇಕು. ಹೇಳದಿದ್ದರೆ ಮಾವ ಅದೇ ಕೋಣೆಗೆ ವಾಪಸಾಗುತ್ತಾನೆ. ಅಮ್ಮ ಅವನ ಕಡೆ.

ಲಿಫ್ಟಿನ ಬಾಗಿಲು ತೆರೆಯಿತು. ಡ್ವೈಟ್ ಬಂದ, ಜೊತೆಗೆ ಅಮ್ಮ. ಇಷ್ಟು ಬೇಗ ಬರಬಾರದಿತ್ತು. ಎದುರಿನ ಬೆಂಚಿನಲ್ಲಿ ಕೂತವನ ಕೈಗಳು ಮೊಣಕಾಲ ಮೇಲೆ ಗಡಗಡ ನಡುಗುತ್ತಿದ್ದವು.

ಹೇಝಲ್ ತಲೆಯೆತ್ತಿ ನೋಡಿತು. ನಡುಗುವವರ ಹತ್ತಿರ ಹೋಗಿ ಮಡಿಲಲ್ಲಿ ತಲೆಯಿಡುವುದನ್ನು ಅದಕ್ಕೆ ವರ್ಷಗಟ್ಟಲೆ ಕಲಿಸಿದ್ದರು. ಯಾರು ಯಾರಿಗೆ ಏನು ಮಾಡಿದರೆಂಬುದನ್ನು ಕಲಿಸಿರಲಿಲ್ಲ. ಕಾಫಿ ಕುಡಿಯುತ್ತಿದ್ದ ಗ್ಲೆಂಡಾಳ ಕೈಯಲ್ಲಿ ಹಗ್ಗ ಸಡಿಲವಾಗಿತ್ತು.

"ಹೇಝಲ್! ಏಯ್, ಬಾ ಇಲ್ಲಿ!"

ಅಷ್ಟರಲ್ಲಿ ಅದು ಡ್ವೈಟನ ಮಡಿಲಲ್ಲಿ ತಲೆಯಿಟ್ಟಾಗಿತ್ತು. ಅವನ ಕಣ್ಣು ತುಂಬಿ ಬಂತು. ಕಿವಿ ಸವರುತ್ತಾ, "ಜಾಣೆ ನೀನು. ನನ್ನ ಜಾಣ ಮರಿ," ಎಂದ.

ಗ್ಯಾರೇಜಿನ ಮೇಲಿನ ಕೋಣೆಯಲ್ಲಿ ನೆಟ್ಟಿಗೆ ಹೇಳುತ್ತಿದ್ದ ಅದೇ ಮಾತು. ಅದೇ ಮೆಲ್ಲನೆಯ ದನಿ.

"ನೋಡಿದ್ಯೇನೇ?" ಎಂದಳು ಅಮ್ಮ. "ಮನುಷ್ಯ ಎಂಥವನು ಅಂತ ನಾಯಿಗಾದ್ರೂ ಗೊತ್ತಾಗತ್ತೆ. ನಿನಗೆ ಗೊತ್ತಾಗಲಿಲ್ಲವಲ್ಲ!"

ಗ್ಲೆಂಡಾ ನಾಯಿಯನ್ನು ಎಳೆದುಕೊಂಡು ಬಂದಳು. ಮುಖವೆಲ್ಲ ಕೆಂಪಾಗಿತ್ತು. "ಹಾಗಲ್ಲ ಮರಿ. ಕೈ ನಡುಗಿದ್ದಕ್ಕೆ ಹೋಯ್ತು, ಅಷ್ಟೇ. ಪಾಪ, ಅದಕ್ಕೇನು ತಿಳಿಯತ್ತೆ?"

"ಗೊತ್ತು," ಎಂದಳು ನೆಟ್ಟಿ. ನಿಜಕ್ಕೂ ಗೊತ್ತಿತ್ತು. ಗೊತ್ತಿದ್ದರಿಂದ ಏನೂ ಆಗಲಿಲ್ಲ.

ಸಾಕ್ಷಿಕಟ್ಟೆಯಲ್ಲಿ ಕೂತಾಗ ಅವಳ ಕೈ ಅಭ್ಯಾಸದಂತೆ ಕಾಲ ಬಳಿ ಮಲಗಿದ್ದ ನಾಯಿಯತ್ತ ಕೆಳಗಿಳಿಯಿತು. ಕಿವಿ ಇನ್ನೂ ತೇವವಾಗಿತ್ತು, ಅವನ ಅಂಗೈಯ ಬೆವರಿನಿಂದ. ಬೆರಳುಗಳನ್ನು ಸ್ಕರ್ಟಿಗೆ ತಿಕ್ಕಿ ತಿಕ್ಕಿ ಒರೆಸಿಕೊಂಡಳು.

"ಆ ಸಂಜೆ ಏನಾಯ್ತು ಹೇಳಮ್ಮ," ಎಂದರು ಸರ್ಕಾರಿ ವಕೀಲರು.

"ನೆನಪಿಲ್ಲ."

"ನಿಧಾನವಾಗಿ ಹೇಳು, ಅವಸರ ಇಲ್ಲ."

"ನನಗೆ ಏನೂ ನೆನಪಿಲ್ಲ."

ಹೇಝಲ್ ಎದ್ದು ಅವಳ ಕಾಲಿಗೆ ಒರಗಿತು. ನೆಟ್ಟಿ ಕಾಲುಗಳನ್ನು ಕುರ್ಚಿಯ ಕೆಳಗೆ ಎಳೆದುಕೊಂಡಳು.

ವಾರ ಮುಗಿಯುವುದರೊಳಗೆ ಕೇಸು ಬಿದ್ದುಹೋಯಿತು. ಶನಿವಾರ ಮಧ್ಯಾಹ್ನ ಅಮ್ಮ ಒಗೆದು ಮಡಿಸಿದ ಹಾಸಿಗೆಬಟ್ಟೆ ತಂದು ಅವಳ ಕೈಗಿಟ್ಟಳು.

"ಗ್ಯಾರೇಜಿನ ಮೇಲಿನ ಮಂಚಕ್ಕೆ ಇದನ್ನ ಹಾಸ್ಬಿಟ್ಟು ಬಾರೇ. ಮಾವ ಊಟದ ಹೊತ್ತಿಗೆ ಬರ್ತಾನೆ. ಆ ಮುಖ ಸ್ವಲ್ಪ ಸರಿಮಾಡ್ಕೋ."

ನೆಟ್ಟಿ ಬಟ್ಟೆಯನ್ನು ಎದೆಗವಚಿಕೊಂಡು ಮೆಟ್ಟಿಲು ಹತ್ತಿದಳು.