ಮೂರನೆಯ ಪೈಪಿನ ನೀರು

ಕೊಂಢವಾದ ಮನೆತನದ ಗೂಳಪ್ಪ ತನ್ನ ಮನೆಯ ಮುಂದಿನ ಶೆಡ್ಡನ್ನು ಹಳೆಯ ಬ್ಯಾಟರಿ ಒಡೆಯುವವನೊಬ್ಬನಿಗೆ ಹತ್ತು ವರ್ಷ ಬಾಡಿಗೆಗೆ ಕೊಟ್ಟಿದ್ದ. ಬೇಡವೆಂದು ಹೆಂಡತಿ ಶಿವಗಂಗವ್ವ ಬಾಯಿ ನೋಯುವಷ್ಟು ಹೇಳಿದ್ದಳು. ಮಾರ್ಕೆಟ್ ಯಾರ್ಡಿನಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡುವ ಯಜಮಾನರು ಮನೆಯಲ್ಲಿ ಯಾರ ಮಾತು ಕೇಳಿಯಾರು?

ಬ್ಯಾಟರಿಯವನು ಜಾಗ ಖಾಲಿ ಮಾಡಿದ ಮೇಲೆ, ಎರಡು ಸಾವಿರದ ಆರರಲ್ಲಿ, ಔಷಧಿ ಕಂಪನಿಯೊಂದು ಶೆಡ್ಡನ್ನು ಗೋದಾಮಿಗೆ ಕೇಳಿತು. ಮೊದಲು ಅಲ್ಲಿನ ಮಣ್ಣು, ನೆಲದೊಳಗಿನ ನೀರು ಎರಡೂ ಪರೀಕ್ಷೆಯಾಗಬೇಕು ಎಂದಿತು. ಧಾರವಾಡದ ಕಡೆಯ ಎಂಜಿನಿಯರ್ ಮಾರ್ತಾಂಡ ಬಂದು ಮೂರು ಕಡೆ ಕೊರೆಸಿ, ನೀರು ಸಿಗುವವರೆಗೆ ಸಣ್ಣ ಪ್ಲಾಸ್ಟಿಕ್ ಪೈಪು ಇಳಿಸಿದ. ಒಂದು ಶೆಡ್ಡಿನೊಳಗೆ, ಒಂದು ಗೇಟಿನ ಬಳಿ, ಮೂರನೆಯದು ಅಡುಗೆಮನೆಯ ಹಿಂದೆ, ಬಾವಿಯ ಪಕ್ಕದಲ್ಲಿ. ವಾರದ ನಂತರ ಅವನ ಆಳುಗಳು ಬಂದು ಅವಸರದಲ್ಲಿ ನೀರು ತುಂಬಿಕೊಂಡು ಹೋದರು.

ವರದಿ ಬಂತು. ಮೂರನೆಯ ಪೈಪಿನ ನೀರಿನಲ್ಲಿ ಸೀಸ ಮಿತಿಗಿಂತ ಆರು ಪಟ್ಟು ಇತ್ತು. ಬ್ಯಾಟರಿಯಲ್ಲಿರುವುದು ಅದೇ ಎಂದು ಮಾರ್ತಾಂಡ ಹೇಳಿದ. ಹೊಟ್ಟೆಯಲ್ಲಿರುವ ಕೂಸಿಗೆ ಅದು ಎಲ್ಲರಿಗಿಂತ ಹೆಚ್ಚು ಕೆಟ್ಟದ್ದು ಎಂದೂ ಹೇಳಿದ.

ಸೊಸೆ ಸಪ್ನಾಳಿಗೆ ಆಗ ಆರು ತಿಂಗಳು. ಮನೆಮಂದಿಯೆಲ್ಲ ಕುಡಿಯುತ್ತಿದ್ದದ್ದು ಆ ಬಾವಿಯ ನೀರನ್ನೇ. ಗೂಳಪ್ಪ ಬಾವಿಯ ಮೋಟಾರು ಸುಟ್ಟಿದೆ ಎಂದು ಮನೆಯಲ್ಲಿ ಸುಳ್ಳು ಹೇಳಿ ಕ್ಯಾನಿನ ನೀರು ತರಿಸಿದ. ಸೊಸೆ ಲೋಟ ಎತ್ತಿದಾಗಲೆಲ್ಲ ಮುಖ ಬೇರೆ ಕಡೆ ತಿರುಗಿಸಿಕೊಂಡ. ಬಾಡಿಗೆಯ ಆಸೆಗೆ ಮೊಮ್ಮಗುವಿಗೇ ವಿಷ ಕುಡಿಸಿದೆನಲ್ಲ ಎಂದು ಒಳಗೊಳಗೇ ಕುದಿದ.

ಮಾರ್ತಾಂಡನಿಗೆ ಮಾತ್ರ ಒಂದು ವಿಷಯ ಬಗೆಹರಿಯಲಿಲ್ಲ. ಬ್ಯಾಟರಿ ಒಡೆದ ಜಾಗದ ಪೈಪಿನಲ್ಲಿ ನೀರು ಚೆನ್ನಾಗಿದೆ, ದೂರದ ಪೈಪಿನಲ್ಲಿ ಸೀಸ! ಮರುದಿನ ಬೆಳಿಗ್ಗೆ ತಾನೇ ಬಂದ. ಗೂಳಪ್ಪ ಅವನನ್ನು ಹಿತ್ತಲಿಗೆ ಕರೆದೊಯ್ದ.

ಅಲ್ಲಿ ಶಿವಗಂಗವ್ವ ಪೈಪಿನ ಮುಚ್ಚಳ ತೆಗೆದಿಟ್ಟು, ಅದರ ಕೊರಳಿಗೆ ಅರಿಶಿನ ಬಳಿದು, ತಟ್ಟೆಯಲ್ಲಿದ್ದ ಕುಂಕುಮದ ನೀರನ್ನು ಭಕ್ತಿಯಿಂದ ಒಳಗೆ ಸುರಿಯುತ್ತಿದ್ದಳು.

"ಇದೇನ್ರಿ ಅವ್ವಾರ?" ಎಂದ ಮಾರ್ತಾಂಡ.

"ಗಂಗವ್ವ ಹೊಸದಾಗಿ ಮನಿಗೆ ಬಂದಾಳ. ಪೂಜಿ ಇಲ್ದ ಹಂಗ ಬಿಡ್ಲಿಕ್ಕೆ ಬರ್ತದೇನ್ರಿ? ಪೈಪ್ ಹಾಕಿದ ದಿನದಿಂದ ಮಾಡ್ಲಿಕತ್ತೀನಿ."

ಮಾರ್ತಾಂಡ ನಗಲಿಲ್ಲ. ಒಂದು ಚಿಟಿಕೆ ಕುಂಕುಮವನ್ನು ಕಾಗದದಲ್ಲಿ ಕಟ್ಟಿಸಿಕೊಂಡ. ಆ ಪೈಪಿನ ನೀರನ್ನು ಅರ್ಧ ದಿನ ಹೊರಗೆ ಹಾಯಿಸಿ, ಹೊಸ ನೀರು ತುಂಬಿಕೊಂಡ. ಬಾವಿಯ ನೀರನ್ನೂ ತೆಗೆದುಕೊಂಡು ಹೋದ.

ಒಂಬತ್ತನೆಯ ದಿನ ಗೂಳಪ್ಪನ ಅಂಗಡಿಗೆ ಫೋನು ಬಂತು. ಬಾವಿಯ ನೀರು ಶುದ್ಧ, ಪೈಪಿನದೂ ಶುದ್ಧ. ಬ್ಯಾಟರಿಯ ಸೀಸ ಶೆಡ್ಡಿನ ಮೇಲ್ಮಣ್ಣಿನಲ್ಲೇ ನಿಂತಿದೆ, ಒಂದು ಅಡಿ ತೆಗೆಸಿದರೆ ಸಾಕು. ಪೈಪಿನ ನೀರಿಗೆ ಸೀಸ ಬಂದದ್ದು ಕುಂಕುಮದಿಂದ, ಅಗ್ಗದ ಪೊಟ್ಟಣದ ಬಣ್ಣದಿಂದ. ಗೂಳಪ್ಪ ಮೆಣಸಿನಕಾಯಿ ಚೀಲದ ಮೇಲೆ ಕುಳಿತು ಗಳಗಳನೆ ಅತ್ತ. ಘಾಟಿಗೆ ಕಣ್ಣು ಉರಿಯುತ್ತಿರಬೇಕೆಂದು ಹಮಾಲರು ನೀರು ತಂದುಕೊಟ್ಟರು.

ಮನೆಗೆ ಬಂದವನು ಮೋಟಾರಿನ ಸುಳ್ಳು, ತನ್ನ ಹೆದರಿಕೆ, ಕುಂಕುಮ, ಎಲ್ಲವನ್ನೂ ಹೇಳಿದ. ಹೆಂಡತಿಯ ಬೈಗುಳಕ್ಕೆ ತಯಾರಾಗಿಯೇ ನಿಂತಿದ್ದ.

ಶಿವಗಂಗವ್ವ ಬೈಯಲಿಲ್ಲ. ದಿನಾ ಮುಂಜಾನೆ ಸೊಸೆಯ ಹಣೆಗೆ ಆ ಕುಂಕುಮ ಇಡುತ್ತಿದ್ದವಳು ತಾನೇ. ಮುತ್ತೈದೆಯ ಹಣೆ ಬರಿದಾಗುವ ಮಾತನ್ನೂ ಆಡಗೊಡದ ಹೆಂಗಸು ಎದ್ದು, ಸೆರಗಿನ ತುದಿ ನೆನೆಸಿಕೊಂಡು ಬಂದಳು. ಸಪ್ನಾಳ ಗದ್ದ ಹಿಡಿದು, ಕುಂಕುಮವನ್ನು ಪೂರ್ತಿ ಒರೆಸಿದಳು. ಆ ಜಾಗದಲ್ಲಿ ಅಡುಗೆಮನೆಯ ಅರಿಶಿನವನ್ನು ಬಟ್ಟಲಲ್ಲಿ ಕಲಸಿ ಇಟ್ಟಳು.

"ಇನ್ನ ಬಾವಿ ನೀರ ಕುಡಿ ತಂಗಿ" ಎಂದಳು.

ಆಮೇಲೆ ತನ್ನ ಹಣೆಯನ್ನೂ ಒರೆಸಿಕೊಂಡು ಗಂಡನ ಎದುರು ಬಂದು ನಿಂತಳು. ಗೂಳಪ್ಪ ಬಟ್ಟಲಲ್ಲಿ ಬೆರಳು ಅದ್ದಿ, ಅವಳಿಗೆ ಅರಿಶಿನ ಇಟ್ಟ.