ಪ್ಲಗ್ ಕೀಳುವ ಶೇಖಸಾಬ

ಲಕ್ಷ್ಮೇಶ್ವರದ ಬಜಾರಿನಲ್ಲಿ ಎಲ್ಲರೂ ನೆಲ ನೋಡಿ ನಡೆದರೆ ಟೇಲರ್ ಶೇಖಸಾಬ ಮಾತ್ರ ಆಕಾಶ ನೋಡಿ ನಡೆಯುತ್ತಿದ್ದ. ಎಡವುತ್ತಿದ್ದ, ನಿಂತ ಚಕ್ಕಡಿಗೆ ಹಣೆ ಬಡಿಸಿಕೊಳ್ಳುತ್ತಿದ್ದ, ಜೋಳದ ಚೀಲಗಳ ಮೇಲೆ ಮಗುಚಿ ಬೀಳುತ್ತಿದ್ದ. ಎದ್ದಮೇಲೆ ಮೊದಲು ನೋಡುತ್ತಿದ್ದುದು ತರಚಿದ ಮೊಣಕಾಲನ್ನಲ್ಲ, ಪಡುವಣ ದಿಕ್ಕಿನ ಮೋಡವನ್ನು. ಕೊರಳಲ್ಲಿ ಅಳತೆಯ ಟೇಪು, ಖಾಕಿ ಕೋಟಿನ ಎದೆಯ ಕಿಸೆಯಲ್ಲಿ ಕರೆಂಟು ನೋಡುವ ಟೆಸ್ಟರು. ಟೇಪು ಹೊಟ್ಟೆಪಾಡಿಗೆ, ಟೆಸ್ಟರು ಧರ್ಮಯುದ್ಧಕ್ಕೆ.

ಯುದ್ಧ ಶುರುವಾದದ್ದು ಎಂಬತ್ತರ ಆಸುಪಾಸಿನಲ್ಲಿ. ಹೊಲಿಗೆ ಮಷೀನಿಗೆ ಮೋಟರು ಕೂಡಿಸಿ, ತನ್ನ ಕಾಲುಗಳಿಗೆ ಪಿಂಚಣಿ ಕೊಟ್ಟೆನೆಂದು ಅವನು ಊರೆಲ್ಲ ಹೇಳಿಕೊಂಡು ತಿರುಗಿದ ವರ್ಷವದು. ಮೊದಲ ಅಡ್ಡಮಳೆಗೇ ಹಿತ್ತಲ ಬೇವಿನ ಮರಕ್ಕೆ ಸಿಡಿಲು ಬಡಿದು, ಮೋಟರೂ ರೇಡಿಯೋವೂ ಒಂದೇ ಉಸಿರಿನಲ್ಲಿ ತೀರಿಕೊಂಡವು. ಮುಂದೆ ಬೇರೆ ಮೋಟರು ಬಂತು, ನಿದ್ದೆ ಮಾತ್ರ ಬರಲಿಲ್ಲ. ಬಾನಿನಲ್ಲಿ ಅಂಗೈಯಗಲ ಮೋಡ ಕಂಡರೂ ಸಾಕು, ಶೇಖಸಾಬ ಎದ್ದು ಪ್ಲಗ್ ಕೀಳುವನು, ಬೆಲ್ಟು ಬಿಚ್ಚುವನು, ಹಸುಗೂಸಿಗೆ ಹೊದಿಸಿದಂತೆ ಮಷೀನಿಗೆ ಕಂಬಳಿ ಹೊದಿಸುವನು. ಅಂಗಡಿಯ ಹಿಂದೆ ಕರೆಂಟನ್ನು ನೆಲಕ್ಕಿಳಿಸುವ ಅರ್ಥಿಂಗಿನ ಗುಂಡಿ ತೋಡಿ ಉಪ್ಪು, ಇದ್ದಿಲು ತುಂಬಿದ್ದ. ಎರೆಮಣ್ಣು ಬೇಸಿಗೆಯಲ್ಲಿ ಬಾಯಿಬಿಡುತ್ತದೆ, ಒಣಗಿದ ಮಣ್ಣು ಸಿಡಿಲನ್ನು ನುಂಗುವುದಿಲ್ಲ ಎಂದು ದಿನವೂ ಅದಕ್ಕೊಂದು ಕೊಡ ನೀರು. ನಳದ ನೀರು ಬೀಗರ ಹಾಗೆ ಅಪರೂಪಕ್ಕೆ ಬರುತ್ತಿದ್ದ ಆ ಊರಿನಲ್ಲಿ ಇದು ಸಣ್ಣ ಅಪರಾಧವಲ್ಲ.

“ಮನ್ಯಾಗ ಮಂದಿಗೆ ಕುಡ್ಯಾಕ ನೀರಿಲ್ಲ, ಇವರು ತಗ್ಗಿಗೆ ಕುಡಸ್ತಾರ. ಆಕಿ ಏನ್ ನಿಮ್ಮ ಹಿರೇ ಹೆಂಡ್ತಿ ಏನ್ರಿ?” ಎಂದು ರಸೂಲಬಿ ಗುಡುಗುವಳು.

“ಹೆಂಡ್ತಿ ಆಗಿದ್ರ ಇಷ್ಟು ಸುಮ್ಮನ ಕುಡೀತಿದ್ಲೇನು?” ಎಂದು ಗಂಡ ಖಾಲಿ ಕೊಡ ಹಿಡಿದು ಓಡುವನು.

ತನ್ನ ಮನೆಯನ್ನು ಕಾಯ್ದುಕೊಂಡಿದ್ದರೆ ಯಾರೂ ಕೇಳುತ್ತಿರಲಿಲ್ಲ. ಆದರೆ ವೀರರಿಗೆ ಒಂದು ಮನೆ ಸಾಲುವುದುಂಟೆ? ಗುಡುಗಿತೆಂದರೆ ಅವನು ಓಣಿಯ ಮನೆಗಳಿಗೆಲ್ಲ ನುಗ್ಗಿ, ಒಲೆಯ ಮುಂದಿನವರನ್ನೂ ಪೂಜೆಗೆ ಕೂತವರನ್ನೂ ದಾಟಿಕೊಂಡು, ರೇಡಿಯೋ, ಫ್ಯಾನುಗಳ ಪ್ಲಗ್ಗುಗಳನ್ನು ಕಿತ್ತು ಬರುತ್ತಿದ್ದ. ಕಾಳಿನ ವ್ಯಾಪಾರಿ ಅಂದಪ್ಪ ಸಾವಕಾರರು ಓಣಿಗೆ ಮೊದಲ ಟೀವಿ ತಂದು, ಮಾಳಿಗೆಯ ಮೇಲೆ ತೆಂಗಿನ ಮರದೆತ್ತರದ ಅಂಟೆನಾ ನಿಲ್ಲಿಸಿದ ದಿನ ಶೇಖಸಾಬನಿಗೆ ಜ್ವರವೇ ಬಂತು. ಸಿಡಿಲಿಗೆ ಇದಕ್ಕಿಂತ ಮರ್ಯಾದೆಯ ಆಮಂತ್ರಣ ಬೇರೆ ಯಾವುದು!

ಟೀವಿ ಬಂದ ವರ್ಷದ ಮೇ ತಿಂಗಳ ಒಂದು ರವಿವಾರ ಸಂಜೆ ಓಣಿಗೆ ಓಣಿಯೇ ಸಾವಕಾರರ ಪಡಸಾಲೆಯಲ್ಲಿ ಸಿನಿಮಾ ನೋಡುತ್ತಿತ್ತು. ಕಳ್ಳರ ಕೈಗೆ ಸಿಕ್ಕ ತಾಯಿಯ ಹಗ್ಗ ಬಿಚ್ಚಲು ಮಗ ಇನ್ನೇನು ಗೋಡೆ ಒಡೆದು ಬರಬೇಕು, ಹೊರಗೆ ಎಲ್ಲೋ ಗುಡುಗಿತು. ಶೇಖಸಾಬ ಜನರ ತಲೆಗಳ ಮೇಲಿಂದಲೇ ಹಾರಿದಂತೆ ಹೋಗಿ ಪ್ಲಗ್ ಕಿತ್ತ. ತಾಯಿ ಕಂಬಕ್ಕೆ ಕಟ್ಟಿಸಿಕೊಂಡೇ ಉಳಿದಳು. ಹೊರಗೆ ಬಂದು ನೋಡಿದರೆ ಆಕಾಶದ ತುಂಬ ಚಿಕ್ಕಿ.

“ಲೇ ಶೇಖಸಾಬ,” ಸಾವಕಾರರು ಹಲ್ಲು ಕಡಿದರು, “ಇನ್ನ ನನ್ನ ಹೊಸ್ತಿಲಾ ತುಳೀಬ್ಯಾಡ. ನನ್ನ ಮಗಳು ನೀಲಗಂಗವ್ವನ ಮದುವಿ ಜಂಪರ್ ಗುರುವಾರ ಸಂಜಿಗೆ ಮುಗೀಬೇಕು. ಇಲ್ಲಂದ್ರ ಅರಿವಿ ಗದಗಿನ ಟೇಲರ್‌ಗೆ ಹೋಗತೈತಿ, ಓಣಿ ಗಿರಾಕೀನೂ ಅದರ ಹಿಂದನ ಹೋಗ್ತಾರ.”

ಅದು ಬರೀ ಬೆದರಿಕೆಯಾಗಿರಲಿಲ್ಲ. ಮೋಡ ಕಂಡಾಗಲೆಲ್ಲ ಮಷೀನು ಕಂಬಳಿಯೊಳಗೆ ಮಲಗಿದರೆ ಬಟ್ಟೆ ಹೊಲಿಯುವವರು ಯಾರು? ಅರ್ಧ ಓಣಿ ಆಗಲೇ ಬೇರೆ ಟೇಲರನನ್ನು ಹುಡುಕುತ್ತಿತ್ತು. ಸಾವಕಾರರ ಮಗಳ ಈ ಕುಪ್ಪಸಗಳೂ ತಪ್ಪಿದರೆ ಅಂಗಡಿಯ ಬಾಗಿಲಿಗೆ ಕೀಲಿಯೇ ಗತಿ. ಸೋಮವಾರ, ಮಂಗಳವಾರ ಮಧ್ಯಾಹ್ನದ ಮೋಡಗಳು ಸುಮ್ಮನೆ ಗುಡುಗಿ ಸುಮ್ಮನೆ ಹೋದವು, ಹೊಲಿಗೆ ಮುಂದೆ ಸರಿಯಲಿಲ್ಲ. ಬುಧವಾರ ಮಾತ್ರ ತೊಳೆದಿಟ್ಟ ಪರಾತದಂಥ ಆಕಾಶ. ಶೇಖಸಾಬ ಆನಂದದಿಂದ ಮೋಟರು ಹಚ್ಚಿ ಕೂತ. ಆಗ ತಲೆಯ ಮೇಲಿನ ಬಲ್ಬು ಮದುಮಗಳ ಮೂಗುಬೊಟ್ಟಿನಂತೆ ಝಗ್ಗನೆ ಹೊಳೆದು ಸಿಡಿಯಿತು, ಮೋಟರಿನಿಂದ ನೀಲಿ ಹೊಗೆ ಎದ್ದಿತು. ಕಂಬದ ಮೇಲೆ ಒಂದು ಮಂಗ ಜಿಗಿದು ನ್ಯೂಟ್ರಲ್ ತಂತಿ ಹರಿದು, ಓಣಿಯ ತಂತಿಗಳಲ್ಲೆಲ್ಲ ದುಪ್ಪಟ್ಟು ಕರೆಂಟು ಹರಿದಿತ್ತು. ಇಂದ್ರನ ವಜ್ರಾಯುಧಕ್ಕೆ ಎದೆಯೊಡ್ಡಿ ನಿಂತ ಯೋಧನನ್ನು ಹಿಂದಿನಿಂದ ಬಂದು ಬೀಳಿಸಿದ್ದು ಒಂದು ಮುಸುವ! ಸಾವಕಾರರ ಟೀವಿ ಉಳಿಯಿತು, ಮಧ್ಯಾಹ್ನ ಅದಕ್ಕೆ ಕಾರ್ಯಕ್ರಮವಿರಲಿಲ್ಲವಾದ್ದರಿಂದ ಅದರ ಸ್ವಿಚ್ಚು ಆರಿತ್ತು.

“ಏನಪಾ, ಮ್ವಾಡ ಎಲ್ಲೈತಿ ತೋರ್ಸು!” ಎಂದು ಓಣಿ ನಕ್ಕಿತು. ಅವನು ಹಳೆಯ ಪೆಡಲಿಗೆ ಬೆಲ್ಟು ಹಾಕಿದ. ಪಿಂಚಣಿಗೆ ಹೋದ ಕಾಲುಗಳು ಕೆಲಸ ಮರೆತಿದ್ದವು. ತುಳಿದರೆ ಚಕ್ರ ಹಿಂದಕ್ಕೆ ತಿರುಗಿ ದಾರ ಹರಿಯುತ್ತಿತ್ತು. ರಸೂಲಬಿ ಪಕ್ಕದಲ್ಲಿ ಕೂತು ಚಕ್ರಕ್ಕೆ ಕೈ ಕೊಟ್ಟು, ಕೂಸಿಗೆ ನಡೆ ಕಲಿಸಿದಂತೆ ಕಲಿಸಿದಳು.

ಗುರುವಾರ ಸಂಜೆಗೆ ಕೊನೆಯ ಜಂಪರಿನ ಒಂದು ತೋಳು ಮಾತ್ರ ಬಾಕಿ. ಅಷ್ಟರಲ್ಲಿ ಪಡುವಣದಿಂದ ಎಮ್ಮೆಯ ಹಿಂಡಿನಂತೆ ಮೋಡ ನುಗ್ಗಿ ಬಂತು.

“ಇವತ್ತ ಕೀಳಾಕ ನಿಮ್ಮ ಹಂತ್ಯಾಕ ಏನೂ ಇಲ್ಲ. ಆರಾಮ ಹೊಲೀರಿ,” ಎಂದಳು ರಸೂಲಬಿ.

ನಿಜ. ಅವನ ಮನೆಯಲ್ಲಿ ಸುಡಲು ಏನೂ ಉಳಿದಿರಲಿಲ್ಲ. ಎಷ್ಟೋ ವರ್ಷಗಳಲ್ಲಿ ಮೊದಲ ಸಲ ಆಕಾಶಕ್ಕೂ ಅವನಿಗೂ ಲೆಕ್ಕ ಚುಕ್ತಾ ಆಗಿತ್ತು. ಒಂದು ಗುಡುಗು ತಡೆದುಕೊಂಡ. ಎರಡನೆಯದಕ್ಕೆ ಕಾಲು ನಿಂತಿತು. ಎದುರಿನ ಸಾವಕಾರರ ಪಡಸಾಲೆಯಿಂದ ಟೀವಿಯ ಹಾಡು ಕೇಳಿಬರುತ್ತಿತ್ತು.

“ತೋಳು!” ಎಂದು ರಸೂಲಬಿ ಕೂಗುವುದರೊಳಗೆ ಅವನು ಬೀದಿ ದಾಟಿದ್ದ.

ಹೊಸ್ತಿಲ ಹೊರಗೇ ನಿಂತು ಒದರಿದ: “ಸಾವಕಾರ್ರ, ಪ್ಲಗ್ ಕೀಳ್ರಿ! ಅಂಟೆನಾ ವೈರೂ ಬಿಚ್ರಿ!”

ಅಂದಪ್ಪನವರು ಹೊರಬಂದರು. “ಜಂಪರ್ ತಂದಿಯೇನು?”

“ಒಂದು ತೋಳು ಉಳದೈತ್ರಿ. ಗದಗಿಗೆ ಕಳಸೂದಿದ್ರ ಕಳಸ್ರಿ. ಮೊದಲ ಪ್ಲಗ್ ಕೀಳ್ರಿ.”

ಸಾವಕಾರರು ಅವನ ಬರಿಗೈಯನ್ನು ನೋಡಿದರು, ಮೋಡವನ್ನು ನೋಡಿದರು, ಆಮೇಲೆ ಯಾರಿಗೂ ಕೇಳದಷ್ಟು ಮೆಲ್ಲಗೆ ಅಂದರು: “ಒಳಗ ಬಾರೋ ಮಾರಾಯ, ನೀನ ಕಿತ್ತು ಹೋಗು. ರವಿವಾರದಿಂದ ಗುಡುಗಿದಾಗೊಮ್ಮೆ ನನ್ನ ಕಣ್ಣು ಆ ಪ್ಲಗ್ಗಿನ ಗ್ವಾಡಿಗೇ ಹೊಂಟಾವ. ಊಟ ಸೇರವಲ್ದು. ತೋಳು ನಾಳೆ ಆಗ್ಲಿ.”

ಮೋಡ ಒಂದು ಹನಿಯನ್ನೂ ಉದುರಿಸದೆ ಡಂಬಳದ ಕಡೆ ಹೋಯಿತು.

ಪ್ರತಿ ಓಣಿಗೂ ಇಂಥವನೊಬ್ಬ ಇರುತ್ತಾನೆ. ಅವನು ಕಾಯುವ ದಿಕ್ಕಿನಿಂದ ಕೇಡು ಬರುವುದು ಅಪರೂಪ, ಅವನಿಂದ ಉಳಿದ ವಸ್ತು ಇದೇ ಎಂದು ತೋರಿಸುವುದಂತೂ ಕಷ್ಟ. ಆದರೂ ನಮ್ಮೆಲ್ಲರ ಪಾಲಿನ ಅಂಜಿಕೆಯನ್ನು ಒಬ್ಬನೇ ಹೊತ್ತು ಓಡಾಡುವ ಅಂಥವನ ದೆಸೆಯಿಂದಲೇ ಉಳಿದವರು ಧೈರ್ಯವಂತರಾಗಿ, ಅವನನ್ನು ನೋಡಿ ನಗುತ್ತ, ನಿಶ್ಚಿಂತೆಯಿಂದ ಸಿನಿಮಾ ನೋಡುವುದು. ಅವನನ್ನು ಹೊರಗಟ್ಟಿ ನೋಡಿ: ಆ ಅಂಜಿಕೆ ಮನೆಮನೆಗೂ ಹಂಚಿಹೋಗಿ, ತನ್ನ ಪಾಲಿನ ತೂಕವೆಷ್ಟೆಂದು ಆಗ ಒಬ್ಬೊಬ್ಬನಿಗೂ ತಿಳಿಯುತ್ತದೆ.