ನಲವತ್ತು ದಾಟಿದವರ ಪಟ್ಟಿ

ಆಪರೇಷನ್ ಥಿಯೇಟರಿನ ನರ್ಸುಗಳ ಡ್ಯೂಟಿ ಪಟ್ಟಿ ಬರೆಯುವವಳು ನಾನು. ಈ ಕೆಲಸ ನನ್ನ ಕೈಗೆ ಬಂದ ಆರು ವರ್ಷಗಳಿಂದ ನನ್ನದೊಂದು ನಿಯಮವಿತ್ತು. ದೊಡ್ಡ ಡಾಕ್ಟರ ಟೇಬಲ್ಲಿಗೆ ನಲವತ್ತು ದಾಟದವರನ್ನು ಹಾಕಬಾರದು. ಅವರ ಕೈಗುಣ ಒಳ್ಳೆಯದೆಂದು ಊರೆಲ್ಲ ಹೊಗಳುತ್ತಿತ್ತು. ಆ ಕೈಯ ಇನ್ನೊಂದು ಗುಣ ನನಗೆ ಗೊತ್ತಿತ್ತು. "ಏನ್ ಸಿಸ್ಟರ್, ನನಗೆ ಮಾತ್ರ ಅಜ್ಜಿಯರ ಸಂಘನೇ ಕಳಿಸ್ತೀರಲ್ಲ" ಎಂದು ಅವರು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಯಾರನ್ನೂ ಎದುರು ಹಾಕಿಕೊಳ್ಳದೆ ಹುಡುಗಿಯರನ್ನು ಕಾಪಾಡುತ್ತಿದ್ದೇನೆಂದು ಒಳಗೊಳಗೇ ಬೀಗುತ್ತಿದ್ದೆ.

ಹೋದ ತಿಂಗಳು ದವಡೆ ಹಲ್ಲು ಕೀಳಿಸಿಕೊಳ್ಳಲು ಎರಡು ದಿನ ರಜೆ ಹಾಕಿದೆ. ಪಟ್ಟಿ ತುಂಬಿದ್ದು ಆಫೀಸಿನ ಗುಮಾಸ್ತ. ಪಾಪ, ಅವನಿಗೇನು ಗೊತ್ತು, ಸರದಿ ಪ್ರಕಾರ ಹೆಸರು ಬರೆದ. ಎರಡನೆಯ ದಿನ ಗುಬ್ಬಿಯ ಸರದಿ ಬಂತು. ಗುಬ್ಬಿ ಅಂದರೆ ಕೆಲಸಕ್ಕೆ ಸೇರಿ ಮೂರು ತಿಂಗಳಾಗಿದ್ದ ಹುಡುಗಿ. ಪುಟುಪುಟು ಓಡಾಡುತ್ತಾಳೆಂದು ನಾವಿಟ್ಟ ಹೆಸರು.

ಆಪರೇಷನ್ ಮುಗಿದ ಮೇಲೆ, ಕೈ ತೊಳೆಯುವ ಕೋಣೆಯಲ್ಲಿ, ಡಾಕ್ಟರು ಹಿಂದಿನಿಂದ ಬಂದು ಅವಳ ಸೊಂಟ ಹಿಡಿದರು. ಬೇಡವೆಂದರೂ ಬಿಡಲಿಲ್ಲ. ಅವಳು ಅದನ್ನೆಲ್ಲ ಗಂಟೆ ನಿಮಿಷದ ಸಮೇತ ಒಂದು ಹಾಳೆಯಲ್ಲಿ ಬರೆದು ಆಸ್ಪತ್ರೆಯ ದೂರು ಸಮಿತಿಗೆ ಕೊಟ್ಟಳು. ಆ ಸಮಿತಿಯವರ ಹೆಸರಿನ ಬೋರ್ಡು ಲಿಫ್ಟಿನ ಪಕ್ಕದಲ್ಲೇ ಇದೆ. ದಿನಾ ಅಲ್ಲಿ ನಿಂತು ಲಿಫ್ಟಿಗೆ ಕಾಯುವ ನಾನು ಒಮ್ಮೆಯೂ ಅದನ್ನು ಓದಿರಲಿಲ್ಲ.

ಆರು ವರ್ಷದಲ್ಲಿ ಇಷ್ಟೊಂದು ನರ್ಸುಗಳು ತಮ್ಮ ಜೊತೆ ಕೆಲಸ ಮಾಡಿದ್ದಾರೆ, ಒಬ್ಬರಾದರೂ ಚಕಾರವೆತ್ತಿದ್ದಾರೆಯೇ ಎಂದು ಡಾಕ್ಟರು ವಾದಿಸಿದರು. ಸಾಕ್ಷಿಗೆ ನನ್ನ ಪಟ್ಟಿಗಳನ್ನೇ ತಂದಿಟ್ಟರು. ಸಮಿತಿ ನನ್ನನ್ನೂ ಕರೆಯಿತು. ನಿವೃತ್ತಿಗೆ ಎರಡೇ ವರ್ಷ ಉಳಿದಿದೆ, ಏನೂ ಗೊತ್ತಿಲ್ಲ ಅಂತ ಹೇಳಿ ಬಾ ಎಂದು ಮನೆಯವರು ಬೆಳಗ್ಗೆ ಎರಡೆರಡು ಸಲ ಹೇಳಿದರು. ಗೊತ್ತಿಲ್ಲವೆಂದರೆ ಹುಡುಗಿಯ ದೂರು ಬಿದ್ದು ಹೋಗುತ್ತದೆ. ಗೊತ್ತಿತ್ತು ಅಂದರೆ ನಾನೂ ತಪ್ಪಿತಸ್ಥೆ. ಇಷ್ಟು ಲೆಕ್ಕ ನನಗೂ ತಿಳಿಯುತ್ತದೆ.

ಸಮಿತಿಯಲ್ಲಿದ್ದ ವಕೀಲೆ ನರ್ಸುಗಳ ವಯಸ್ಸಿನ ದಾಖಲೆ ಪಕ್ಕದಲ್ಲಿಟ್ಟುಕೊಂಡು ಹಾಳೆಗಳನ್ನು ಒಂದೊಂದಾಗಿ ಮಗುಚಿದರು.

"ಇವರ ಟೇಬಲ್ಲಿಗೆ ಚಿಕ್ಕ ವಯಸ್ಸಿನವರು ಒಬ್ಬರೂ ಇಲ್ಲ. ಇದು ಹೇಗಾಯ್ತು?"

ಬೇರೆ ಯಾರನ್ನೋ ಕೇಳಿದಂತಿತ್ತು.

"ನಾನೇ ಬೇಕಂತ ಹಾಕ್ತಿರಲಿಲ್ಲ" ಎಂದೆ. "ನನಗೆ ಗೊತ್ತಿತ್ತು. ಏಳು ವರ್ಷದ ಹಿಂದೆ ಇನ್ನೊಬ್ಬ ಹುಡುಗಿ ಅದೇ ಕೋಣೆಯಿಂದ ಅಳ್ತಾ ಬಂದು, ನನಗೆ ಹೇಳಿ, ಕೆಲಸ ಬಿಟ್ಟು ಹೋದ್ಲು."

ವಕೀಲೆ ಎಲ್ಲವನ್ನೂ ಬರೆದುಕೊಂಡರು. ತೋರಿಸಿದಲ್ಲಿ ಸಹಿ ಹಾಕಿದೆ. ಡಾಕ್ಟರು ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದರು. ಹೆದರಿಕೆಯೂ ಆಗಲಿಲ್ಲ, ಸಮಾಧಾನವೂ ಆಗಲಿಲ್ಲ.

ಹೊರಗೆ ಬೆಂಚಿನ ಮೇಲೆ ಗುಬ್ಬಿ ಕೂತಿದ್ದಳು. ಪಕ್ಕದಲ್ಲಿ ಕೂತು, ಒಳಗೆ ಹೇಳಿದ್ದನ್ನೆಲ್ಲ ಅವಳಿಗೂ ಹೇಳಿದೆ. ನನ್ನ ಕೈ ಹಿಡಿದುಕೊಳ್ಳುತ್ತಾಳೇನೋ ಎಂದುಕೊಂಡಿದ್ದೆ. ಅವಳು ತುಸು ಸರಿದು ಕೂತಳು.

"ಮೂರು ತಿಂಗಳಿಂದ ದಿನಾ ನಿಮ್ ಜೊತೆನೇ ಊಟ ಮಾಡ್ತಿದೀನಿ ಅಕ್ಕ. ಆ ಕೋಣೆಗೆ ಒಬ್ಬಳೇ ಹೋಗ್ಬೇಡ ಅಂತ ಒಂದು ಮಾತು ಹೇಳ್ಬಹುದಿತ್ತಲ್ಲ."

ಹೇಳಬಹುದಿತ್ತು. ಆರು ವರ್ಷದಲ್ಲಿ ಅದು ನನಗೆ ಹೊಳೆದೇ ಇರಲಿಲ್ಲ.